ಜಾಲರಿಯ ಆಚೆಯ ಕೋಳಿಗಳು

ನಮ್ಮ ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಇದಾಲಿನೊ ಮತ್ತು ಅವನ ಹೆಂಡತಿ ನೇಯ್ವಾ ಕೋಳಿ ಸಾಕುತ್ತಾರೆ. ಮರಿ ಕಂಪನಿಯದು, ಮೇವೂ ಕಂಪನಿಯದು, ದುಡಿಮೆ ಇವರದು. ದಕ್ಷಿಣ ಬ್ರೆಜಿಲ್ಲಿನ ಈ ಕಣಿವೆಯಲ್ಲಿ ಎಲ್ಲರ ಬದುಕೂ ಹೀಗೇ.

ಮಾಂಸದ ಕೋಳಿ ಬಲು ಬೇಗ ಮೈ ತುಂಬಿಕೊಳ್ಳುತ್ತದೆ. ಕಾಲಿನ ಮೂಳೆ ಅಷ್ಟು ಬೇಗ ಬಲಿಯುವುದಿಲ್ಲ. ನೀರಿನ ತನಕ ನಡೆಯಲಾರದವನ್ನು ಬೆಳಿಗ್ಗೆ ಹೆಕ್ಕಿ ಕತ್ತು ಮುರಿಯಬೇಕು. ಇದಾಲಿನೊಗೆ ಅದಕ್ಕೆ ಕೈ ಏಳುತ್ತಿರಲಿಲ್ಲ. ಮದುವೆಯಾದಾಗಿನಿಂದ ಆ ಕೆಲಸ ನೇಯ್ವಾಳದು. ಮುಗಿಸಿ ಬಂದವಳು ನಲ್ಲಿಯ ಕೆಳಗೆ ಎಷ್ಟೋ ಹೊತ್ತು ಕೈ ತೊಳೆಯುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಕಂಪನಿಯ ಪಶುವೈದ್ಯೆ ತಾರ್ಸಿಲಾ ಹೊಸ ಮೇವು ತಂದಳು. ಸತು, ಮ್ಯಾಂಗನೀಸ್, ತಾಮ್ರ ಕೋಳಿಗೆ ಬೇಕಾಗುವುದು ಚಿಟಿಕೆಯಷ್ಟು. ಹಳೆಯ ಮೇವಿನಲ್ಲಿ ಅವು ಬರೀ ಲವಣ. ಬಹುಪಾಲು ಹಿಕ್ಕೆಯಲ್ಲೇ ಹೋಗುತ್ತಿತ್ತು. ಹೊಸದರಲ್ಲಿ ಅವನ್ನು ಪ್ರೋಟೀನಿನ ಅಂಶಕ್ಕೆ ಬೆಸೆದಿದ್ದರು. ಮೈಗೆ ಹತ್ತುತ್ತದೆ, ಕಾಲು ಗಟ್ಟಿಯಾಗುತ್ತದೆ ಎಂದು ತಾರ್ಸಿಲಾಳ ನಂಬಿಕೆ. ಶೆಡ್ಡಿನ ಒಂದು ಮೂಲೆಯಲ್ಲಿ ನಡುವೆ ಜಾಲರಿ ಕಟ್ಟಿ ಕೋಳಿಗಳನ್ನು ಎರಡು ಗುಂಪು ಮಾಡಿದಳು. ಒಂದು ಗುಂಪಿಗೆ ಹೊಸ ಮೇವು, ಇನ್ನೊಂದಕ್ಕೆ ಹಳೆಯದು.

"ಈ ಕಡೆಯವು ಏನ್ ಪಾಪ ಮಾಡಿದ್ವು ಡಾಕ್ಟ್ರೇ? ಎರಡೂ ಕಡೆ ಹೊಸದೇ ಹಾಕ್ಬಾರ್ದಾ?" ಎಂದಳು ನೇಯ್ವಾ.

"ಹೋಲಿಸಿ ತೋರಿಸ್ದೇ ಇದ್ರೆ ಮೇಲಿನವ್ರು ನಂಬಲ್ಲ ಅಕ್ಕ. ಇದೊಂದ್ಸಲ ತಡ್ಕೊಳ್ಳಿ. ಆಮೇಲೆ ಇಡೀ ಕಣಿವೆಗೇ ಬರುತ್ತೆ."

ನೇಯ್ವಾ ಒಪ್ಪಿದಳು. ಆದರೆ ವಾರಗಳು ಕಳೆದಂತೆ ಜಾಲರಿಯ ಆಚೆ ಹೊಸ ಮೇವು ತಿಂದವು ಅವಳ ಹೆಜ್ಜೆ ಸದ್ದಿಗೆ ಓಡಿಬಂದರೆ, ಈಚೆ ಹಳೆಯದನ್ನು ತಿಂದವು ಕೂತಲ್ಲಿಂದಲೇ ಕತ್ತು ಚಾಚತೊಡಗಿದವು. ಅವಳಿಗೆ ತಡೆಯಲಾಗಲಿಲ್ಲ. ಹೊಸ ಮೇವನ್ನು ಬೊಗಸೆಯಲ್ಲಿ ಮೊಗೆದು ಈಚೆ ಸುರಿದಳು. ಮರುದಿನವೂ ಸುರಿದಳು. ಆಮೇಲೆ ಅದೇ ರೂಢಿಯಾಯಿತು.

ಇದಾಲಿನೊ ಕಂಡೂ ತಡೆಯಲಿಲ್ಲ. "ಪಾದ್ರಿ ಆದ್ರೆ ಕ್ಷಮಿಸಿಬಿಡ್ತಾನೆ ಕಣೇ," ಎಂದನಷ್ಟೆ. "ತಾರ್ಸಿಲಾ ಕ್ಷಮಿಸಲ್ಲ."

ಕೊನೆಯಲ್ಲಿ ತೂಗಿ, ನಡೆಸಿ, ಪಾದ ನೋಡಿದಾಗ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹೊಸ ಮೇವಿನಿಂದ ಪ್ರಯೋಜನವಿಲ್ಲವೆಂದು ಕಂಪನಿ ಅದನ್ನು ಕೈಬಿಟ್ಟಿತು. ಸುದ್ದಿ ಹೇಳಲು ಬಂದ ತಾರ್ಸಿಲಾಳ ಮುಖ ನೋಡಿ ನೇಯ್ವಾ ಎಲ್ಲವನ್ನೂ ಹೇಳಿಬಿಟ್ಟಳು. ತಾರ್ಸಿಲಾ ಬೈಯಲಿಲ್ಲ. ಕೈಯಲ್ಲಿದ್ದ ಮಾಟೆ ಚಹಾ ಕುಡಿಯುವ ಸೋರೆ ಬುರುಡೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಈಗ ಇದನ್ನ ಹೇಳಿದ್ರೂ ಮೇಲಿನವ್ರು ಇನ್ನೊಂದ್ಸಲ ಮಾಡಕ್ಕೆ ಬಿಡಲ್ಲ ಅಕ್ಕ. ಒಂದ್ ಮೂಲೆ ಕೋಳಿ ಉಳಿಸ್ಕೊಂಡ್ರಿ. ಅವೂ ಸೋಮವಾರ ಕಸಾಯಿಖಾನೆ ಲಾರಿ ಹತ್ತುತ್ತವೆ."

ಸೋಮವಾರ ಲಾರಿ ಬಂತು. ಜಾಲರಿಯ ಎರಡೂ ಕಡೆಯವು ಒಂದೇ ಪಂಜರಗಳಲ್ಲಿ ಹೋದವು.

ಹೊಸ ಮರಿಗಳು ಬಂದವು, ಹಳೆಯ ಮೇವೇ ಬಂತು. ಮೊದಲ ಕುಂಟು ಕೋಳಿ ಕಂಡ ಬೆಳಿಗ್ಗೆ ನೇಯ್ವಾ ಬೂಟು ಹಾಕಿಕೊಳ್ಳುತ್ತಿದ್ದಾಗ ಇದಾಲಿನೊ ಅವಳ ಭುಜ ಹಿಡಿದು ಕೂರಿಸಿದ.

"ನೀನಿರು. ನಾನು ಹೋಗ್ತೀನಿ."

ಮರಳಿ ಬಂದವನು ನಲ್ಲಿಯ ಕೆಳಗೆ ತುಂಬ ಹೊತ್ತು ಕೈ ತೊಳೆದ. ಬಡಿಸಿಟ್ಟ ಮೆಕ್ಕೆಜೋಳದ ಪೊಲೆಂಟಾ ತಟ್ಟೆಯಲ್ಲೇ ಆರಿತು. ಇಬ್ಬರೂ ಉಣ್ಣಲಿಲ್ಲ.