ಮೊತ್ತದ ಮೇಲಿನ ಖಾಲಿ ಸಾಲು

ಕೆಲಸ ಮುಗಿದ ಮೇಲೆ ಬಸ್ಸಿನಲ್ಲಿ ಸೀಟು ಸಿಗದೆ ಪ್ಯಾಕಿಂಗ್ ವಿಭಾಗದ ಹೆಂಗಸರು ಗೇಟಿನ ಹತ್ತಿರ ನಿಂತಿದ್ದರು. ಅವರ ಮುಂದೆ ನಿಂತು ಬಾಯಿ ಮಾಡುತ್ತಿದ್ದವಳು ಕಾರ್ಖಾನೆಯ ಬಸ್ ಗುಮಾಸ್ತೆಯ ಸ್ವಂತ ನಾದಿನಿ.

“ಅತ್ತಿಗೆ, ಸೀಟಿನ ಲೆಕ್ಕ ನಿಮ್ದೇ ಅಲ್ವಾ? ನಮ್ಮನ್ನೇನು ಡಿಕ್ಕೀಲಿ ತುಂಬ್ತೀರಾ?”

“ಬಾಯ್ಮುಚ್ಚೆ, ನೋಡ್ತೀನಿ,” ಎಂದು ಗುಮಾಸ್ತೆ ಆಫೀಸಿಗೆ ನುಗ್ಗಿದಳು.

ಮ್ಯಾನೇಜರ್ ಆಗಲೇ ತೀರ್ಪು ಕೊಟ್ಟಾಗಿತ್ತು. “ಕಂಪ್ಯೂಟರ್‌ನಲ್ಲಿ ಒಟ್ಟು ಐವತ್ತು ಜನ. ಬಸ್ಸಲ್ಲೂ ಐವತ್ತು ಸೀಟು. ಪ್ಯಾಕಿಂಗ್‌ನೋರು ಸುಮ್ನೆ ಹತ್ತುತಾ ಇದಾರೆ. ನಾಳೆಯಿಂದ ನಡ್ಕೊಂಡು ಬರ್ಲಿ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ! ಅವಳ ಮೈ ಉರಿಯಿತು. ಕಂಪ್ಯೂಟರ್‌ನಲ್ಲಿ ಸೀಟಿನ ಲೆಕ್ಕದ ಹಾಳೆ ತೆರೆದಳು. ವಿಭಾಗಗಳ ಸಾಲು ಮುಗಿದ ಮೇಲೆ, ಮೊತ್ತಕ್ಕಿಂತ ಮುಂಚೆ, ಅವಳು ಯಾವಾಗಲೂ ಒಂದು ಸಾಲನ್ನು ಖಾಲಿ ಬಿಡುತ್ತಿದ್ದಳು. ಕೂಡುವ ಸೂತ್ರ ಆ ಖಾಲಿ ಸಾಲಿನವರೆಗೂ ಇರುತ್ತಿತ್ತು. ಹೊಸ ವಿಭಾಗ ಬಂದರೆ ಅದರ ಮೇಲೆ ಸೇರಿಸಿದರಾಯಿತು, ಸೂತ್ರ ತಾನೇ ಹಿಗ್ಗುತ್ತಿತ್ತು. ಈಗ ಆ ಸಾಲೇ ಇಲ್ಲ.

“ಖಾಲಿ ಸಾಲು ಎಲ್ಲಿ ಸಾರ್?”

“ಅಳಿಸ್ದೆ. ಹಲ್ಲು ಬಿದ್ದ ಬಾಯಿ ಥರ ಕಾಣ್ತಿತ್ತು. ಆಮೇಲೆ ಮೊತ್ತದ ಮೇಲೇನೇ ಪ್ಯಾಕಿಂಗ್ ಸೇರಿಸ್ದೆ.”

“ಸೇರಿಸಿದೀರಿ, ಸೂತ್ರ ಮಾತ್ರ ಅದರ ಹಿಂದಿನ ಸಾಲಲ್ಲೇ ನಿಂತಿದೆ. ಊಟಕ್ಕೆ ಕರೆದು ಹೊಸ್ತಿಲಾಚೆ ಕೂರಿಸಿದ ಹಾಗಾಯ್ತು!”

ಅವಳು ಸೂತ್ರವನ್ನು ಕೆಳಗೆ ಎಳೆದಳು. ಐವತ್ತು ಹೋಗಿ ಅರವತ್ನಾಲ್ಕಾಯಿತು. ಪ್ಯಾಕಿಂಗ್‌ನ ಕೆಳಗೆ ಮತ್ತೆ ಖಾಲಿ ಸಾಲು ಹಾಕಿ, ಅದನ್ನೂ ಸೂತ್ರದೊಳಗೆ ಸೇರಿಸಿದಳು.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. “ಸರಿ, ಇನ್ನೊಂದು ಬಸ್ ತರಿಸಿ. ಆದ್ರೆ ಆ ಸಾಲು ತೆಗೀರಿ. ದೊಡ್ಡೋರು ನೋಡೋ ಹಾಳೆ.”

“ತೆಗೆಯಲ್ಲ.”

“ನಾನು ಹೇಳ್ತಾ ಇದೀನಿ.”

“ನಾನೂ ಹೇಳ್ತಾ ಇದೀನಿ. ನಾಳೆ ಇನ್ನೊಂದು ವಿಭಾಗ ಬಂದ್ರೆ ಅವರನ್ನ ನೀವೇ ಹೆಗಲ ಮೇಲೆ ಹೊತ್ಕೊಂಡು ಹೋಗ್ತೀರಾ?”

ಖಾಲಿ ಸಾಲಿನಲ್ಲಿ ಕೆಂಪು ಅಕ್ಷರದಲ್ಲಿ ಟೈಪಿಸಿದಳು: ‘ಅಳಿಸಬೇಡಿ. ಹೊಸ ಸಾಲು ಇದರ ಮೇಲೆ ಮಾತ್ರ.’ ಹಾಗೆಯೇ ದೊಡ್ಡವರಿಗೆ ಕಳಿಸಿದಳು.

“ಕೇಳಿದ್ರೆ ಉತ್ತರ ನೀವೇ ಕೊಡ್ಬೇಕು!”

“ಕೇಳ್ಲಿ. ನಂಗೂ ಬಾಯಿದೆ.”

ಎರಡನೇ ಬಸ್ ಬಂದಾಗ ಗುಮಾಸ್ತೆ ಬಾಗಿಲ ಬಳಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ನಾದಿನಿ ಹತ್ತಿ, “ನಂಗೆ ಕಿಟಕಿ ಪಕ್ಕಾನೇ ಬೇಕು ಅತ್ತಿಗೆ,” ಎಂದಳು.

“ಕೂತ್ಕೊಳ್ಳೇ ಮಹಾರಾಣಿ. ಯಾರು ಎಬ್ಬಿಸ್ತಾರೋ ನೋಡೇಬಿಡ್ತೀನಿ.”