ಎರಡು ಕರಡಿಗೆ, ಒಂದು ಹ್ಯಾಟು

ನನ್ನ ಗಂಡ ಚನ್ನವೀರೇಶ್ ಪಿಯು ಕಾಲೇಜಲ್ಲಿ ಲಾಜಿಕ್ ಪಾಠ ಮಾಡ್ತಾರೆ. ಈ ವರ್ಷ ಕ್ಲಾಸಲ್ಲಿ ಒಂಬತ್ತೇ ಜನ. ಹಾಗಾಗಿ ಮಿಕ್ಕ ಲಾಜಿಕ್ಕೆಲ್ಲ ಮನೆಗೆ ಬರುತ್ತೆ. ಹಾಲು ಉಕ್ಕಿದರೆ ಒಲೆ ಆರಿಸೋದು ಬಿಟ್ಟು, ಯಾಕೆ ಉಕ್ಕಿತು ಅಂತ ಮೂರು ಕಾರಣ ಹೇಳ್ತಾ ನಿಂತಿರ್ತಾರೆ. ಇದಕ್ಕೆಲ್ಲ ಮೂಲ ಆ ಹಳೇ ಕಪ್ಪು ಬಿಳುಪು ಪತ್ತೇದಾರಿ ಪಿಕ್ಚರುಗಳು. ಪ್ರತಿ ಶನಿವಾರ ಸಂಜೆ ಬಸವೇಶ್ವರನಗರದ ನಮ್ಮ ಮನೆ ಹಾಲಲ್ಲಿ ಕರ್ಟನ್ ಎಳೆದು, ಬೂದು ಬಣ್ಣದ ಹ್ಯಾಟೊಂದನ್ನ ತಲೆಗಿಟ್ಟು ಟಿವಿ ಮುಂದೆ ಕೂರ್ತಾರೆ. ಮನೆಯೊಳಗೆ ಹ್ಯಾಟು! ಹೇಳಿ ಹೇಳಿ ನನಗೂ ಸಾಕಾಗಿದೆ.

ಆ ಶನಿವಾರ ಚಿಕ್ಕತ್ತೆ ಗುರುಬಸಮ್ಮ ಬಂದಿದ್ರು. ನಮ್ಮತ್ತೆ ಶಿವಗಂಗಮ್ಮನ ತಂಗಿ. ಸುಂಕದಕಟ್ಟೇಲಿ ಮಗ ಅಮರೇಶನ ಜೊತೆ ಇರ್ತಾರೆ. ಎಲ್ಲರೂ ಪಿಕ್ಚರ್ ನೋಡೋಕೆ ಕೂತ್ವಿ. ಐದು ನಿಮಿಷಕ್ಕೊಂದು ಸಲ ಚಿಕ್ಕತ್ತೆದು ಒಂದೇ ಪ್ರಶ್ನೆ.

"ಈಗ ಬಂದೋನು ಯಾರಪ್ಪಾ?"

"ಅಯ್ಯೋ ಚಿಕ್ಕಮ್ಮ, ಅದೇ ಇನ್ಸ್‌ಪೆಕ್ಟರು! ಆಗಿಂದ ಅವನೇ ತಾನೇ ಇರೋದು!"

ಪಾಪ, ಅವರದೇನು ತಪ್ಪು? ಎಲ್ಲರಿಗೂ ಅದೇ ಕೋಟು, ಅದೇ ಹ್ಯಾಟು. ನನಗೂ ಅರ್ಧ ಜನ ಗುರುತು ಸಿಕ್ಕಿರಲಿಲ್ಲ. ಆದ್ರೆ ಮುಗಿಯೋಕೆ ಇನ್ನೂ ಅರ್ಧ ಗಂಟೆ ಇದ್ದಾಗಲೇ ಚಿಕ್ಕತ್ತೆ ಎಲೆ ಅಡಿಕೆ ಅಗೀತಾ ಅಂದುಬಿಟ್ರು: "ಕೊಲೆ ಮಾಡಿದೋನು ಇವನೇ. ಮೊದಲು ಒಬ್ಬ ಮೆಟ್ಟಿಲು ಹತ್ತಿದನಲ್ಲ, ಅದೇ ಬೂಟಿನ ಸದ್ದು. ಒಂದು ಕಾಲು ಎಳೆದು ಇಡ್ತಾನೆ."

ಕೊನೆಗೆ ಅವನೇ ಆಗಿದ್ದ. ನಮ್ಮ ಲೆಕ್ಚರರ್ ಮುಖ ನೋಡಬೇಕಿತ್ತು! ಇಂಗ್ಲಿಷಿನ ಒಂದಕ್ಷರ ಬಾರದ ಚಿಕ್ಕಮ್ಮನ ಮುಂದೆ ಅವರ ಇಪ್ಪತ್ತು ವರ್ಷದ ಅನುಭವ ಪಲ್ಟಿ ಹೊಡೆದಿತ್ತು.

ಭಾನುವಾರ ಬೆಳಿಗ್ಗೆ ಅಕ್ಕ ತಂಗಿ ಪಕ್ಕಪಕ್ಕ ಕೂತು ಲಿಂಗಪೂಜೆ ಮಾಡಿದ್ರು. ಇಷ್ಟಲಿಂಗ ಇಡೋ ಬೆಳ್ಳಿ ಕರಡಿಗೆ ಇಬ್ಬರದೂ ಒಂದೇ ಥರ. ಇಬ್ಬರ ಮದುವೇನೂ ಒಂದೇ ಚಪ್ಪರದಲ್ಲಿ ಆಗಿದ್ದು, ಅವರಪ್ಪ ಒಬ್ಬನೇ ಅಕ್ಕಸಾಲಿಗನ ಹತ್ರ ಜೋಡೀಲಿ ಮಾಡಿಸಿದ್ರಂತೆ. ಪೂಜೆ ಆದಮೇಲೆ ಎರಡನ್ನೂ ತಟ್ಟೇಲಿಟ್ಟು, ಹಳೇ ಶಿವದಾರ ಬಿಚ್ಚಿ ಹೊಸ ದಾರ ಕಟ್ಟಿದ್ರು. ಅಷ್ಟರಲ್ಲಿ ಅಮರೇಶ ಬೈಕ್ ತಗೊಂಡು ಬಂದು ಹಾರ್ನ್ ಹೊಡೆದ. ಗಡಿಬಿಡೀಲಿ ಇಬ್ಬರೂ ಕೈಗೆ ಸಿಕ್ಕಿದ್ದನ್ನ ಕೊರಳಿಗೆ ಹಾಕ್ಕೊಂಡ್ರು.

ಸೋಮವಾರ ಬೆಳಿಗ್ಗೆ ಪೂಜೆಗೆ ಕೂತ ಅತ್ತೆ ಕರಡಿಗೆ ತೆಗೆದವರೇ ಕೂಗಿದ್ರು.

"ಹೇಮಾ, ಇದು ನನ್ನ ಲಿಂಗ ಅಲ್ಲಮ್ಮ! ನಂದರ ಮೇಲೆ ಸಾಸಿವೆಯಷ್ಟು ಬಿಳೀ ಮಚ್ಚೆ ಇದೆ. ಇದರ ಮೇಲಿಲ್ಲ."

ಅತ್ತೆಗೆ ಎಪ್ಪತ್ತಾರು, ಮೇಲೆ ಶುಗರ್ರು. ತಮ್ಮದೇ ಇಷ್ಟಲಿಂಗಕ್ಕೆ ಪೂಜೆ ಆಗದೆ ಒಂದು ಗುಟುಕು ನೀರೂ ಮುಟ್ಟೋರಲ್ಲ. ದೀಕ್ಷೆ ಆದಾಗಿಂದ ಒಂದು ದಿನ ತಪ್ಪಿಸಿಲ್ಲ. ತಿಂಡಿ ಇಲ್ಲದೆ ಮಾತ್ರೆ ನುಂಗೋ ಹಾಗಿಲ್ಲ, ಮಾತ್ರೆ ಇಲ್ಲದೆ ಮಧ್ಯಾಹ್ನದವರೆಗೆ ತಡೆಯೋ ಹಾಗಿಲ್ಲ. ಆಗಲೇ ಎಂಟೂವರೆ ಆಗಿತ್ತು.

ನಮ್ಮ ಯಜಮಾನರು ಎಲ್ಲಿಗೆ ಹೋದ್ರು ಅಂತೀರಿ? ಹ್ಯಾಟ್ ತರೋಕೆ. ಹಾಕ್ಕೊಂಡು ಬಂದು, ಕೈ ಹಿಂದೆ ಕಟ್ಟಿ, ಹಾಲಲ್ಲಿ ಅತ್ತಿಂದಿತ್ತ ಓಡಾಡಿದ್ರು. "ಕರಡಿಗೆ ಅಮ್ಮನ ಕೊರಳು ಬಿಟ್ಟಿದ್ದು ಒಂದೇ ಸಲ, ನಿನ್ನೆ ದಾರ ಕಟ್ಟುವಾಗ. ಆಗ ಪಕ್ಕದಲ್ಲಿ ಇನ್ನೊಂದು ಕರಡಿಗೆ ಇತ್ತು. ಆದ್ದರಿಂದ..."

"ಆದ್ದರಿಂದ ಅದಲುಬದಲಾಗಿದೆ. ನನಗದು ಆಗಲೇ ಹೊಳೀತು. ಮೊದಲು ಚಿಕ್ಕತ್ತೆಗೆ ಫೋನ್ ಮಾಡಿ!" ನಾನು ರೇಗಿದೆ.

ಸ್ಪೀಕರ್‌ಗೆ ಹಾಕಿ ಮಾಡಿದ್ರು. "ಚಿಕ್ಕಮ್ಮ, ಪೂಜೆ ಆಯ್ತಾ?"

"ಆಗಲೇ ಆಯ್ತು ಕಣೋ. ತಿಂಡೀನೂ ಆಯ್ತು. ಯಾಕಪ್ಪಾ?"

"ಏನಿಲ್ಲ, ಸುಮ್ಮನೆ," ಅಂತ ಇವರು ಫೋನ್ ಇಟ್ಟುಬಿಟ್ರು. ನಮ್ಮ ಕಡೆ ತಿರುಗಿದ್ರು. "ಕೇಳಿಸ್ತಾ? ಅಂಗೈ ಮೇಲಿಟ್ಟು ಪೂಜೆ ಮಾಡಿದಾರೆ. ಮಚ್ಚೆ ಕಣ್ಣಿಗೆ ಹೊಡೆಯೋ ಹಾಗಿದೆ. ಆದರೂ ಒಂದು ಮಾತು ಹೇಳಲಿಲ್ಲ. ಅಂದ್ರೆ ಬೇಕಂತಲೇ ತಗೊಂಡು ಹೋಗಿದಾರೆ."

"ಯಾಕಂತೆ?"

"ಕಾರಣ ಆಮೇಲೆ ಸಿಗುತ್ತೆ."

"ಬಾಯಿ ಮುಚ್ಚೋ!" ಅತ್ತೆ ಗದರಿದ್ರು. "ನನ್ನ ತಂಗಿ ಕಳ್ಳಿನಾ?" ಅನ್ನುವಾಗ ಕಣ್ಣು ತುಂಬಿತ್ತು. ನನಗೆ ಆ ಹ್ಯಾಟನ್ನ ಮೋರಿಗೆಸೆಯುವಷ್ಟು ಸಿಟ್ಟು ಬಂತು.

ಮೂವರೂ ಆಟೋ ಹತ್ತಿದ್ವಿ. ಕಾಮಾಕ್ಷಿಪಾಳ್ಯದ ಹತ್ರ ಮಾಗಡಿ ರೋಡು ಪೂರ್ತಿ ಜಾಮು, ಒಂದು ಗಂಟೆ ಆಟೋ ಅಲ್ಲಾಡಲಿಲ್ಲ. ಅತ್ತೆ ತುಟಿ ಒಣಗಿತ್ತು. ನೀರಿನ ಬಾಟಲು ಮುಂದೆ ಹಿಡಿದೆ, ತಲೆ ಆಡಿಸಿದ್ರು. ಮುಂದೆ ನಿಂತಿದ್ದ ಬಸ್ಸಿನ ಬೋರ್ಡನ್ನೇ ನೋಡ್ತಾ ನನಗೆ ಚಿಕ್ಕತ್ತೆ ಮಾತು ನೆನಪಾಯ್ತು. ಈಗ ಬಂದೋನು ಯಾರಪ್ಪಾ?

"ರೀ," ಅಂದೆ. "ಚಿಕ್ಕತ್ತೆ ಸುಳ್ಳು ಹೇಳಿಲ್ಲ. ಅವರಿಗೆ ಮಚ್ಚೆ ಕಂಡೇ ಇಲ್ಲ."

"ಅದಕ್ಕೇ ಪಿಕ್ಚರಲ್ಲಿ ಒಬ್ಬರೂ ಗುರುತು ಸಿಗಲಿಲ್ಲ," ಅಂದ್ರು ಇವರು ನಿಧಾನಕ್ಕೆ. "ಅದಕ್ಕೇ ಬೂಟಿನ ಸದ್ದು ಹಿಡಿದ್ರು." ಆಮೇಲೆ ತಾವಾಗೇ ಹ್ಯಾಟ್ ತೆಗೆದು ತೊಡೆ ಮೇಲಿಟ್ಕೊಂಡ್ರು. ಚಿಕ್ಕಮ್ಮನ ಮೇಲೆ ಎಷ್ಟು ಸಲ ರೇಗಿದ್ದೆ ಅಂತ ಗೊಣಗಿದ್ದು ನನಗೆ ಕೇಳಿಸ್ತು.

ಸುಂಕದಕಟ್ಟೆ ಮನೆ ಬೆಲ್ ಒತ್ತಿದ ಮೇಲೆ ಅತ್ತೆ ತುಟಿ ಮೇಲೆ ಬೆರಳಿಟ್ಟು ನಮ್ಮನ್ನ ಸುಮ್ಮನಿರಿಸಿದ್ರು. ಬಾಗಿಲು ತೆರೀತು. ಒಂದು ಮಾರು ದೂರ ಕೂಡ ಇಲ್ಲ, ಅತ್ತೆ ಎದುರೇ ನಿಂತಿದಾರೆ. ಚಿಕ್ಕತ್ತೆ ಕಣ್ಣು ಕಿರಿದು ಮಾಡಿ ನೋಡಿ, ಮರ್ಯಾದೆಯಿಂದ ಅಂದ್ರು:

"ಯಾರಮ್ಮಾ? ಅಮರೇಶ ಕೆಲಸಕ್ಕೆ ಹೋಗಿದಾನೆ."

ಎಪ್ಪತ್ತು ವರ್ಷದಿಂದ ನೋಡ್ತಿರೋ ಅಕ್ಕನೇ ಗುರುತು ಸಿಗಲಿಲ್ಲ!

"ನಾನು ಕಣೇ, ಗುರೂ," ಅಂದ್ರು ಅತ್ತೆ.

ಒಳಗೆ ಕೂತು ಕರಡಿಗೆ ಅದಲುಬದಲಾಗಿದ್ದು ಹೇಳಿದ ಮೇಲೆ ಚಿಕ್ಕತ್ತೆ ಎಲ್ಲ ಒಪ್ಪಿಕೊಂಡ್ರು. ಒಂದು ವರ್ಷದಿಂದ ಎಲ್ಲ ಮಸುಕು ಮಸುಕು. ಅಮರೇಶನಿಗೆ ಗೊತ್ತಾದ್ರೆ ಒಲೆ ಹತ್ರ ಬಿಡಲ್ಲ, ಕಣ್ಣಿಗೆ ಕತ್ತರಿ ಹಾಕಿಸ್ತಾನೆ ಅಂತ ಭಯ. ಕೈ ಅಂದಾಜಲ್ಲೇ ಅಡುಗೆ, ಕೈ ಅಂದಾಜಲ್ಲೇ ಪೂಜೆ. "ಯಾರಿಗೂ ಹೇಳಬೇಡ್ರೋ," ಅಂತ ಕೊರಳಿಂದ ಕರಡಿಗೆ ತೆಗೆದು ಅಕ್ಕನ ಕೈಲಿಟ್ರು. "ತಗೋ ಅಕ್ಕಾ, ಮೊದಲು ಪೂಜೆ ಮುಗಿಸು. ನಾನು ಉಪ್ಪಿಟ್ಟು ಬಿಸಿ ಮಾಡ್ತೀನಿ."

ಅತ್ತೆ ತಂಗಿ ಕರಡಿಗೆ ಅವರಿಗೆ ಕೊಟ್ಟು, ತಮ್ಮದನ್ನ ತೆಗೆದ್ರು. ಬಿಳೀ ಮಚ್ಚೆ ಅಲ್ಲೇ ಇತ್ತು. ಅಂಗೈ ಮೇಲಿಟ್ಟು, ಕಣ್ಣಿಗೊತ್ತಿ, ತಿರುಗಿ ಕರಡಿಗೇಲೇ ಇಟ್ಟು ಮುಚ್ಚಿದ್ರು.

"ಡಾಕ್ಟ್ರ ಹತ್ರ ಬರ್ತೀನಿ ಅನ್ನು."

"ಅದೆಲ್ಲ ಆಮೇಲೆ..."

"ನೀನು ಬರ್ತೀನಿ ಅನ್ನೋವರೆಗೂ ನಾನು ಪೂಜೆಗೆ ಕೂರಲ್ಲ. ಪೂಜೆ ಆಗದೆ ನೀರು ಕುಡಿಯಲ್ಲ. ನನ್ನ ಹಟ ನಿನಗೆ ಗೊತ್ತು."

ಗೋಡೆ ಗಡಿಯಾರ ಹತ್ತೂಮುಕ್ಕಾಲು ತೋರಿಸ್ತಿತ್ತು. ಅತ್ತೆ ಹಣೇಲಿ ಬೆವರು ಹನಿ ಹನಿಯಾಗಿ ನಿಂತಿತ್ತು. ಅದು ಚಿಕ್ಕತ್ತೆಗೆ ಕಾಣ್ತಿರಲಿಲ್ಲ. ಆದರೆ ಅಕ್ಕನ ಉಸಿರು ಏರಿಳಿಯೋದು ಕೇಳಿಸ್ತಿತ್ತು. ಅವರು ತಡಕಾಡಿ ಅಕ್ಕನ ಕೈ ಹುಡುಕಿ ಹಿಡಿದ್ರು. ಆ ಕೈ ನಡುಗ್ತಾ ಇತ್ತು.

"ಬರ್ತೀನಿ ಕಣಕ್ಕಾ. ಇವತ್ತೇ ಬರ್ತೀನಿ. ನೀನು ಕೂತ್ಕೋ."

ಅತ್ತೆ ಪೂಜೆಗೆ ಕೂತ್ರು. ನನ್ನ ಗಂಡ ವರಾಂಡದಲ್ಲಿ ನಿಂತು ಕಣ್ಣಾಸ್ಪತ್ರೆಗೆ ಫೋನ್ ಮಾಡಿ, ಮೂರು ಗಂಟೆಗೆ ಟೈಮ್ ತಗೊಂಡ್ರು. ಒಂದೇ ಒಂದು ಕಾರಣ ವಿವರಿಸಲಿಲ್ಲ. ಹನ್ನೊಂದೂಕಾಲಿಗೆ ಅತ್ತೆ ನೀರು ಕುಡಿದ್ರು.