ಟೇಪಿನೊಳಗಿನ ಬೆರಳು

ಬೀದಿಯವರ ಬಾಯಲ್ಲಿ ಟೈಲರಮ್ಮ ಎಂದೇ ಆಗಿಹೋದ ಅವಳಿಗೆ ಇಪ್ಪತ್ತಾರು ವರ್ಷದಿಂದ ಅನ್ನ ಹಾಕಿದ್ದು ಕೈಯಲ್ಲ, ಬಲಗಾಲು. ಕೈ ಬಟ್ಟೆಯನ್ನು ದೂಡುತ್ತದೆ, ಅಷ್ಟೇ. ಮೆಷಿನ್ ಓಡಿಸುವುದು ಕಾಲು. ಬರಿಗಾಲಲ್ಲಿ ಪೆಡಲು ತುಳಿದರೆ ಮಾತ್ರ ಹೊಲಿಗೆಯ ಓಟ ಗೊತ್ತಾಗುತ್ತದೆ ಎಂಬುದು ಅವಳ ಹಟ. ಚಪ್ಪಲಿ ಹಾಕಿಕೊಂಡು ತುಳಿಯುವವರು ಹೊಲಿಯುವುದಿಲ್ಲ, ಬಟ್ಟೆಗೆ ತೂತು ಹಾಕುತ್ತಾರೆ ಎಂದು, ಜೊತೆಗೆ ಕೆಲಸ ಮಾಡುವ ತಂಗಿಯನ್ನು ಛೇಡಿಸುತ್ತಿದ್ದಳು. ಆ ಬರಿಗಾಲೇ ಅವಳಿಗೆ ಮುಳುವಾಯಿತು.

ಮೂರು ವರ್ಷದ ಹಿಂದೆ ಹಿತ್ತಿಲಲ್ಲಿ ಬರಿಗಾಲಲ್ಲೇ ಬಟ್ಟೆ ಒಣಹಾಕುವಾಗ ಬಲಪಾದಕ್ಕೆ ಮುಳ್ಳು ಚುಚ್ಚಿತ್ತು. ಹೊಲಿಗೆಯ ಸೂಜಿಯಿಂದಲೇ ಕಿತ್ತು ಮರೆತುಬಿಟ್ಟಳು. ಆರು ತಿಂಗಳ ಮೇಲೆ ಅಲ್ಲೊಂದು ಗಂಟು. ನೋವಿಲ್ಲ. ನೋಯದ ಗಂಟಿಗೆ ಯಾರು ಕೆಲಸ ಬಿಟ್ಟು ಆಸ್ಪತ್ರೆಗೆ ಅಲೆಯುತ್ತಾರೆ? ಗಂಟು ಬೆಳೆದು ಪಾದವೇ ಊದಿತು. ಅಲ್ಲಲ್ಲಿ ಸಣ್ಣ ಸಣ್ಣ ಬಾಯಿ ಬಿಟ್ಟು ಕೀವು ಒಸರತೊಡಗಿತು. ಕೀವಿನಲ್ಲಿ ಎಳ್ಳಿನಷ್ಟು ಕಪ್ಪು ಚೂರುಗಳು. ಅವನ್ನು ಕಪ್ಪು ದಾರದ ಚೂರು ಎಂದುಕೊಂಡು ಒರೆಸಿ ಬಿಸಾಡಿದಳು. ಬರೀ ಬಿಳಿ ಬಟ್ಟೆ ಹೊಲಿದ ವಾರವೂ ಕಪ್ಪು ಚೂರೇ ಬಂದಾಗ ಅದು ದಾರವಲ್ಲ ಎಂದು ಗೊತ್ತಾಯಿತು. ಆ ವಾರವೇ ಕೂತು, ಕಾಲು ಯಾರಿಗೂ ಕಾಣದಂತೆ, ತನ್ನ ಬಟ್ಟೆಗಳ ಅಂಚನ್ನೆಲ್ಲ ಎರಡೆರಡು ಇಂಚು ಇಳಿಸಿಕೊಂಡಳು. ಆಸ್ಪತ್ರೆಗೆ ಹೋಗಿದ್ದು ಅದಾಗಿ ಒಂದು ವರ್ಷಕ್ಕೆ, ಅದೂ ತಂಗಿ ಕಾಲು ನೋಡಿ ರಂಪ ಮಾಡಿದ ಮೇಲೆ.

ಡಾಕ್ಟರು ಹೇಳಿದ ಕಾಯಿಲೆಯ ಹೆಸರು ನಾಲಿಗೆಗೆ ಹತ್ತುವಂಥದ್ದಲ್ಲ. ಹೊರಗೆ ಬೆಂಚಿನ ಮೇಲೆ ಕೂತ ರೋಗಿಗಳೆಲ್ಲ ಕೀವಿನ ಕಪ್ಪು ಚೂರನ್ನು ಕಾಳು, ಕಾಯಿಲೆಯನ್ನು ಕಾಳುಗಾಲು ಎನ್ನುತ್ತಿದ್ದರು. ಮಣ್ಣಿನಲ್ಲಿರುವ ಒಂದು ಜಾತಿಯ ಬೂಷ್ಟು ಮುಳ್ಳಿನ ಜೊತೆ ಒಳಗೆ ಹೊಕ್ಕು ಅಲ್ಲೇ ಸಂಸಾರ ಹೂಡಿದೆ, ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆರು ತಿಂಗಳು ಮಾತ್ರೆ. ಊತ ಇಳಿದರೆ ಸರಿ, ಇಳಿಯದಿದ್ದರೆ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯಬೇಕು. ಎಲುಬಿಗೆ ಹೋಯಿತೋ, ಆಮೇಲೆ... ಎಂದು ಅವರು ಮಾತು ನಿಲ್ಲಿಸಿದರು. ಉಳಿದ ಮಾತನ್ನು ಅವಳೇ ಮುಗಿಸಿಕೊಂಡಳು, ಅಂದಿನಿಂದ ದಿನಕ್ಕೆ ಹತ್ತು ಸಲ ಮುಗಿಸಿಕೊಳ್ಳುತ್ತಿದ್ದಳು.

ನರ್ಸಮ್ಮ ಪಾದದ ಸುತ್ತಳತೆ ತೆಗೆಯಲು ಬಂದಾಗ ಟೇಪನ್ನು ಅವಳ ಕೈಯಿಂದ ಇಸಿದುಕೊಂಡಿದ್ದು ಟೈಲರಮ್ಮನೇ. ಅರ್ಧ ಊರಿನ ಎದೆ ಸೊಂಟ ಅಳೆದವಳಿಗೆ ತನ್ನ ಪಾದ ಅಳೆಯಲು ಬರುವುದಿಲ್ಲವೇ? ಎಲ್ಲರೂ ನಕ್ಕರು. ಹತ್ತೂವರೆ ಇಂಚು ಎಂದು ಕಾರ್ಡಿನ ಮೇಲೆ ಬಿತ್ತು. ಅಂದಿನಿಂದ ಅಳತೆಯ ಕೆಲಸ ಅವಳದ್ದೇ ಆಯಿತು. ಎರಡು ತಿಂಗಳಿಗೆ ಹತ್ತೂಕಾಲು. ನಾಲ್ಕನೆಯ ತಿಂಗಳಿಗೆ ಹತ್ತು. ಕಾಲು ಮಾತು ಕೇಳುತ್ತಿದೆ, ಹೀಗೇ ಇಳಿದರೆ ಕತ್ತರಿಯೇ ಬೇಡ, ಮಾತ್ರೆಯಲ್ಲೇ ಮುಂದುವರಿಸೋಣ ಎಂದು ಡಾಕ್ಟರು ಬೆನ್ನು ತಟ್ಟಿದರು. ಅವಳು ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಮನೆಗೆ ಬಂದಳು.

ಆರನೆಯ ತಿಂಗಳಿಗೆ ಇನ್ನು ಹನ್ನೊಂದು ದಿನವಿತ್ತು. ಮೂಲೆಮನೆಯ ಟೀಚರು ಕೋಟು ಹೊಲಿಸಲು ಬಂದರು. ಸೊಂಟಕ್ಕೆ ಟೇಪು ಸುತ್ತಿದ್ದೇ ತಡ, ಟೀಚರು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡರು.

"ಉಸಿರು ಬಿಡಿ ಟೀಚರೇ. ನೀವು ಟೇಪಿಗೆ ಮೋಸ ಮಾಡಬಹುದು, ಕೋಟಿಗೆ ಮಾಡಕ್ಕಾಗಲ್ಲ."

ತಂಗಿ ಕಿಸಕ್ಕೆಂದಳು, ಟೀಚರೂ ನಕ್ಕರು. ಟೈಲರಮ್ಮ ಮಾತ್ರ ನಗು ಅರ್ಧಕ್ಕೇ ನಿಲ್ಲಿಸಿ ತನ್ನ ಕೈ ನೋಡಿದಳು. ಟೇಪಿನೊಳಗೆ ಅವಳ ತೋರುಬೆರಳು ಇತ್ತು. ಇರಲೇಬೇಕು. ಮೈಯಳತೆ ತೆಗೆಯುವಾಗ ಒಂದು ಬೆರಳು ಒಳಗಿಟ್ಟು ಲೂಸು ಬಿಡುವುದು ಅವಳ ಅಮ್ಮ ಕಲಿಸಿದ ಮೊದಲ ಪಾಠ. ಆ ಬೆರಳಿಗೆ ಯಾರೂ ಹೇಳಬೇಕಾಗಿರಲಿಲ್ಲ, ತಾನಾಗಿ ಹೋಗಿ ಕೂರುತ್ತಿತ್ತು.

ಆಸ್ಪತ್ರೆಯಲ್ಲಿ ಮೊದಲ ದಿನವೂ ಕೂತಿತ್ತಲ್ಲವೇ?

ಟೀಚರನ್ನು ಕಳಿಸಿ, ಟ್ರಯಲ್ ನೋಡುವ ಪರದೆಯ ಹಿಂದೆ ಹೋಗಿ ಸ್ಟೂಲಿನ ಮೇಲೆ ಕಾಲಿಟ್ಟಳು. ಈಚೆಗೆ ಅಳೆಯುತ್ತಿದ್ದ ಹಾಗೆ, ಬೆರಳಿಲ್ಲದೆ, ಅಳೆದಳು. ಹತ್ತು. ಟೇಪು ಚರ್ಮದೊಳಗೆ ಕಚ್ಚಿಕೊಂಡಿತ್ತು, ತೆಗೆದರೆ ಬಿಳಿಯ ಗೆರೆ ಮೂಡಿತ್ತು. ಇನ್ನೊಮ್ಮೆ, ಮೊದಲ ದಿನದ ಹಾಗೆ ಬೆರಳಿಟ್ಟು ಅಳೆದಳು. ಹತ್ತೂಮುಕ್ಕಾಲು.

ಊತ ಇಳಿದಿರಲಿಲ್ಲ. ಏರಿತ್ತು. ಬೇಕೆಂದು ಮಾಡಿದ ಮೋಸವಲ್ಲ, ಅಮ್ಮನ ಆಣೆಗೂ ಅಲ್ಲ. ಆದರೆ ಬೆರಳು ಯಾವಾಗ ಹೊರಗೆ ಬಂತು, ಕೈ ಯಾವಾಗ ಟೇಪನ್ನು ಎಳೆಯಲು ಕಲಿಯಿತು? ಭಯ ಮೈಯಲ್ಲಿ ಹೊಕ್ಕರೆ ಇಪ್ಪತ್ತಾರು ವರ್ಷದ ಕಸುಬನ್ನೂ ಮರೆಸುತ್ತದೆಯೇ? ಪರದೆಯಾಚೆಯಿಂದ ತಂಗಿ ಏನಾಯ್ತಕ್ಕಾ ಎಂದಳು. ಏನೂ ಇಲ್ಲ, ಪಿನ್ನು ಚುಚ್ಚಿತು ಎಂದಳು.

ಹನ್ನೊಂದು ದಿನ ಅವಳು ಅದೇ ಲೆಕ್ಕ ಹಾಕಿದಳು. ಹೇಳಿದರೆ ಕತ್ತರಿಸುತ್ತಾರೆ. ಕತ್ತರಿಸಲು ಹೋಗಿ ಒಳಗೆ ಎಲುಬು ಹಾಳಾಗಿದ್ದು ಕಂಡರೆ ಪಾದವನ್ನೇ ತೆಗೆಯುತ್ತಾರೆ. ಹೇಳದಿದ್ದರೆ? ಇನ್ನೊಂದಿಷ್ಟು ತಿಂಗಳು ಮಾತ್ರೆ, ಇನ್ನೊಂದಿಷ್ಟು ತಿಂಗಳು ಈ ಕಾಲು, ಈ ಪೆಡಲು. ಅಷ್ಟರಲ್ಲಿ ಮಾತ್ರೆ ನಾಟಿದರೂ ನಾಟೀತು. ಎಡಗಾಲಲ್ಲಿ ತುಳಿದು ನೋಡಿದಳು. ಚಕ್ರ ಹಿಂದಕ್ಕೆ ತಿರುಗಿ ದಾರ ಕಿತ್ತುಕೊಂಡಿತು. ಮೆಷಿನ್ ಮೇಲೆ ತಲೆಯಿಟ್ಟು ಹಾಗೇ ಕೂತಳು. ತಂಗಿ ಬಂದು ದಾರ ಪೋಣಿಸಿಕೊಟ್ಟಳು.

ಆಸ್ಪತ್ರೆಗೆ ತಂಗಿಯೂ ಹಟ ಹಿಡಿದು ಬಂದಳು. ಬೆಂಚಿನ ಮೇಲೆ ಎಂದಿನಂತೆ ಗೋದಾಮಿನ ಕಾವಲುಗಾರ ಊರುಗೋಲು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವನ ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಅರ್ಧ ಜೊತೆ ಚಪ್ಪಲಿ ಕೇಳಿ ಕೇಳಿ ಚಪ್ಪಲಿ ಅಂಗಡಿಯವನಿಗೆ ತಾನೊಂದು ತಲೆನೋವಾಗಿದ್ದೇನೆ ಎಂದು ಹೊಸಬರನ್ನೆಲ್ಲ ನಗಿಸುತ್ತಿದ್ದ. ಅವಳಿಗೆ ಅಂದು ನಗು ಬರಲಿಲ್ಲ. ಪಕ್ಕದಲ್ಲಿ ಕೂತು, ಇಷ್ಟು ದಿನ ಕೇಳಲು ಧೈರ್ಯ ಬಾರದಿದ್ದದ್ದನ್ನು ಮೆಲ್ಲಗೆ ಕೇಳಿದಳು: ಅವನ ಕಾಲು ಹೋದದ್ದು ಹೇಗೆ?

ಕಾವಲುಗಾರ ಊರುಗೋಲಿನ ರಬ್ಬರನ್ನು ತಿರುಗಿಸತೊಡಗಿದ.

"ಕಾಳು ನಿಂತಿದೆ ಅಂತ ಡಾಕ್ಟ್ರಿಗೆ ಹೇಳ್ತಿದ್ದೆ ತಾಯಿ. ನಿಂತಿರ್ಲಿಲ್ಲ. ಬರೋ ದಿನ ಬೆಳಿಗ್ಗೆ ಚೆನ್ನಾಗಿ ಹಿಂಡಿ ತೊಳ್ಕೊಂಡು ಬರ್ತಿದ್ದೆ. ಕೊಯ್ತಾರೆ ಅನ್ನೋ ಭಯ. ಎಂಟು ತಿಂಗಳು ಹಾಗೇ ತಳ್ಳಿದೆ." ಆಮೇಲೆ ಇಲ್ಲದ ಕಾಲಿನ ಕಡೆ ನೋಡಿ, "ಅವರು ನನ್ನ ಮಾತು ನಂಬಿದ್ರು," ಎಂದ.

ಅವಳಿಗೆ ಎದ್ದು ಮನೆಗೆ ಹೋಗಿಬಿಡಬೇಕು ಎನಿಸಿ ನಿಂತೂಬಿಟ್ಟಳು. ಅಷ್ಟರಲ್ಲಿ ಒಳಗಿಂದ ಅವಳ ನಂಬರು ಕೂಗಿದರು.

ಡಾಕ್ಟರು ಕಾರ್ಡು ತೆರೆದು, ಪೆನ್ನು ಹಿಡಿದು, ಟೈಲರಮ್ಮ ಇವತ್ತು ಎಷ್ಟು ಇಳಿಸಿದ್ದಾರೆ ನೋಡೋಣ ಎಂದರು. ಅವಳು ಬ್ಯಾಂಡೇಜು ಬಿಚ್ಚಿ ಟೇಪು ಸುತ್ತಿದಳು. ಎಳೆದರೆ ಹತ್ತು ಬಂದೇ ಬರುತ್ತಿತ್ತು. ಕೈ ಆಗಲೇ ಎಳೆಯತೊಡಗಿತ್ತು. ಅವಳು ಟೇಪನ್ನು ಬಿಚ್ಚಿ ನರ್ಸಮ್ಮನ ಕಡೆ ಚಾಚಿದಳು.

"ನೀವೇ ಅಳೀರಿ ಸಿಸ್ಟರ್. ನನ್ನ ಕೈಯನ್ನ ನಾನೇ ನಂಬಲ್ಲ."

ಬೆರಳಿನ ಕತೆಯನ್ನೆಲ್ಲ ಹೇಳಿದಳು, ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಡಾಕ್ಟರು ಬೈಯಲಿಲ್ಲ. ಅಳತೆಯನ್ನು ರೋಗಿಯ ಕೈಗೆ ಬಿಟ್ಟದ್ದು ತಮ್ಮದೇ ತಪ್ಪು ಎಂದು ಹೇಳಿ, ಹಳೆಯ ಅಂಕಿಗಳ ಮೇಲೆಲ್ಲ ಗೀಟು ಎಳೆದು ಎಕ್ಸ್‌ರೇಗೆ ಕಳಿಸಿದರು. ಆ ಕತ್ತಲೆ ಕೋಣೆಯ ತಣ್ಣನೆಯ ಹಲಗೆಯ ಮೇಲೆ ಪಾದವಿಟ್ಟು ಕೂತಾಗ ಅವಳು ಪಾದವನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಲುಬಿಗೆ ಇನ್ನೂ ಹೋದ ಹಾಗಿಲ್ಲ. ಪಕ್ಕದಲ್ಲೇ ಇದೆ. ಸೋಮವಾರವೇ ಕತ್ತರಿಸಿ ತೆಗೀಬೇಕು, ಇನ್ನು ಮುಂದೂಡೋ ಹಾಗಿಲ್ಲ."

"ಪಾದ ಉಳಿಯುತ್ತಾ?"

"ಉಳಿಸೋಕ್ಕೇ ಮಾಡ್ತಿರೋದು. ಮಾತು ಕೊಡೋಕೆ ನನಗೆ ಆಗಲ್ಲ."

ಅವರು ನೀಲಿ ಪೆನ್ನಿನಿಂದ ಗಂಟಿನ ಸುತ್ತ ಒಂದು ಗೆರೆ ಎಳೆದರು. ಅದರ ಹೊರಗೆ, ಸ್ವಲ್ಪ ದೂರದಲ್ಲಿ, ಇನ್ನೊಂದು ಗೆರೆ. ಗಂಟಿನ ಅಂಚಿಗೇ ಕತ್ತರಿಸಿದರೆ ಕಾಳು ಒಳಗೆ ಉಳಿದುಬಿಡುತ್ತದೆ, ಆದ್ದರಿಂದ ಸುತ್ತಲಿನ ಒಳ್ಳೆಯ ಮಾಂಸವನ್ನೂ ಒಂದಿಷ್ಟು ಸೇರಿಸಿ ತೆಗೆಯಬೇಕು ಎಂದರು.

ಎರಡು ಗೆರೆಗಳ ನಡುವಿನ ಜಾಗವನ್ನು ಅವಳು ನೋಡಿದಳು. ಹೊಲಿಗೆಗೊಂದು, ಕತ್ತರಿಗೊಂದು ಗೆರೆ ಎಳೆಯುವ ಆ ಭಾಷೆ ಅವಳಿಗೆ ಗೊತ್ತಿತ್ತು. ತೋರುಬೆರಳನ್ನು ಮೆಲ್ಲಗೆ ಅಲ್ಲಿಟ್ಟಳು. ಸರಿಯಾಗಿ ಕೂತಿತು.

"ಬಿಗಿ ಮಾಡ್ಬೇಡಿ ಡಾಕ್ಟ್ರೇ, ಒಂದು ಬೆರಳು ಲೂಸು ಬಿಟ್ಟೇ ಕತ್ತರಿಸಿ," ಎಂದಳು.

ಧ್ವನಿ ಗಟ್ಟಿಯಾಗಿಯೇ ಇತ್ತು. ಆದರೆ ತಂಗಿ ಬಗ್ಗಿ ಅವಳ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಹೆದರಿಕೆಗೆ ಆ ಬಲಗಾಲು, ಕೆಳಗೆ ಪೆಡಲಿಲ್ಲದಿದ್ದರೂ, ತುಳಿಯುತ್ತಲೇ ಇತ್ತು.